ನಾವು ಕೇಳಿದ್ದೇನು, ಅದು ತಿಳಿದುಕೊಂಡದ್ದೇನು?



ಕಳೆದ ವರ್ಷ ಪ್ಲಸ್ ಟು ಓದುತ್ತಿದ್ದ ನಮ್ಮ ಸಂಘಟನೆಯ ತಂಗಿಯೊಬ್ಬಳು ಫೋನಿನಲ್ಲಿ ‘ಇಂಜಿನಿಯರಿಂಗ್ ಎಂಟ್ರೆನ್ಸ್ ಅರ್ಜಿ’ ಎಂದು ಹುಡುಕಿದಳು. ಬಂದದ್ದೆಲ್ಲ ಕೇರಳದ ಕೀಮ್ ಪರೀಕ್ಷೆಯ ವಿಷಯ. ಕೊನೆಯ ದಿನಾಂಕ, ಕೋಚಿಂಗ್ ಸೆಂಟರ್, ಮಲಯಾಳಂ ವಿಡಿಯೊಗಳು, ಎಲ್ಲವೂ ಇತ್ತು. ತಪ್ಪು ಮಾಹಿತಿ ಒಂದೂ ಇರಲಿಲ್ಲ. ಅವಳು ನೆಮ್ಮದಿಯಿಂದ ಅರ್ಜಿ ಹಾಕಿದಳು.

ಎರಡು ವಾರ ಕಳೆದು, ಭಾನುವಾರದ ಪೂಜೆ ಮುಗಿದ ಮೇಲೆ ಗಾಯನ ಮಂಡಳಿಯ ಅಕ್ಕ ಒಬ್ಬರು ಅವಳನ್ನು ಕೇಳಿದರು: “ಗಡಿನಾಡು ಕೋಟಾದಲ್ಲಿ ಸಿಇಟಿಗೆ ಹಾಕಿದ್ದೀಯಲ್ಲ?” ತಂಗಿಗೆ ಆ ಮಾತೇ ಹೊಸದು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿಯಲ್ಲಿ ‘ಗಡಿನಾಡು ಕನ್ನಡಿಗ’ ಎಂಬ ಅರ್ಹತಾ ವಿಭಾಗವಿದೆ. ಕಾಸರಗೋಡು, ಹೊಸದುರ್ಗ, ಮಂಜೇಶ್ವರದ ಮಕ್ಕಳಿಗೂ, ಆಚೆ ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತದಂಥ ತಾಲೂಕುಗಳ ಮಕ್ಕಳಿಗೂ ಅದು ತೆರೆದ ಬಾಗಿಲು. ಮಾತೃಭಾಷೆಯ ಷರತ್ತು ಇದೆ, ಕನ್ನಡ ಪರೀಕ್ಷೆಯೂ ಇದೆ. ಮನೆಮಾತು ತುಳು, ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು; ಅವಳಿಗೆ ಅರ್ಹತೆ ಇತ್ತು. ಅರ್ಜಿಗೆ ಇನ್ನು ನಾಲ್ಕೇ ದಿನ ಉಳಿದಿತ್ತು. ಓಡಾಡಿ, ಪ್ರಮಾಣಪತ್ರ ಜೋಡಿಸಿ, ಹೇಗೋ ಮುಗಿಸಿದೆವು.

ಅಂದಿನಿಂದ ನಮ್ಮಲ್ಲಿ ಒಂದು ಪ್ರಶ್ನೆ ಉಳಿದಿದೆ. ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟ ಯಂತ್ರ, ಅವಳಿಗೆ ಬೇಕಾದದ್ದನ್ನು ಏಕೆ ಕೊಡಲಿಲ್ಲ?

ಹುಡುಕುವವರ ಉದ್ದೇಶ ಯಾವಾಗಲೂ ಪದದಲ್ಲಿ ಪೂರ್ತಿ ಇರುವುದಿಲ್ಲ. ಆಂಡ್ರೇ ಬ್ರೋಡರ್ ಎಂಬ ಕಂಪ್ಯೂಟರ್ ವಿಜ್ಞಾನಿ 2002ರಲ್ಲೇ ಹುಡುಕಾಟಗಳನ್ನು ಮೂರಾಗಿ ವಿಂಗಡಿಸಿದ್ದರು: ಒಂದು ನಿರ್ದಿಷ್ಟ ತಾಣಕ್ಕೆ ಹೋಗಲು, ಏನನ್ನಾದರೂ ತಿಳಿಯಲು, ಏನನ್ನಾದರೂ ಮಾಡಿ ಮುಗಿಸಲು. ನಾವು ಹಾಕುವ ಎರಡು ಮೂರು ಪದ ಇವುಗಳಲ್ಲಿ ಯಾವುದಕ್ಕೆ ಸೇರಿದ್ದು ಎಂದು ಯಂತ್ರ ಊಹಿಸಬೇಕು. ಆ ಊಹೆಗೆ ಅದು ನಮ್ಮ ಸುತ್ತಮುತ್ತಲನ್ನು ನೋಡುತ್ತದೆ. ನಾವು ಎಲ್ಲಿದ್ದೇವೆ, ಫೋನಿನ ಭಾಷೆ ಯಾವುದು, ಮೊದಲು ಏನು ಹುಡುಕಿದ್ದೆವು ಎಂಬುದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಗೂಗಲ್ ತಾನೇ ಕೊಡುವ ಉದಾಹರಣೆ ಇದು: ಶಿಕಾಗೋದಲ್ಲಿ ಕುಳಿತು ‘ಫುಟ್ಬಾಲ್’ ಎಂದರೆ ಅಮೆರಿಕನ್ನರ ಆಟ, ಲಂಡನ್ನಿನಲ್ಲಿ ಅದೇ ಪದಕ್ಕೆ ನಾವು ಆಡುವ ಕಾಲ್ಚೆಂಡು. 2009ರ ಡಿಸೆಂಬರ್‌ನಿಂದ ಅದು ಖಾತೆಗೆ ಲಾಗಿನ್ ಆಗದವರಿಗೂ ಹಿಂದಿನ 180 ದಿನಗಳ ಹುಡುಕಾಟ ನೋಡಿ ಫಲಿತಾಂಶ ಹೊಂದಿಸಿ ಕೊಡಲು ಆರಂಭಿಸಿತು.

ಇದರಿಂದ ಉಪಕಾರವಿಲ್ಲ ಎಂದು ನಾವು ಹೇಳುವುದಿಲ್ಲ. ಮಗುವಿಗೆ ಜ್ವರ ಬಂದ ರಾತ್ರಿ ‘ಮೆಡಿಕಲ್ ಶಾಪ್’ ಎಂದರೆ ಉಪ್ಪಳದ ಅಂಗಡಿಯೇ ಬೇಕು, ಉಡುಪಿಯದಲ್ಲ. ಊರು ಗೊತ್ತಿಲ್ಲದ ಯಂತ್ರ ಆಗ ನಮಗೆ ಯಾವ ಪ್ರಯೋಜನಕ್ಕೂ ಇಲ್ಲ.

ಆದರೆ ಗಡಿಯವರ ಸಂಗತಿ ಬೇರೆ. ನಮ್ಮ ರೇಶನ್ ಕಾರ್ಡು ಕೇರಳದ್ದು, ದೊಡ್ಡ ಆಸ್ಪತ್ರೆಗೆ ಓಡುವುದು ಮಂಗಳೂರಿಗೆ. ಸರಕಾರಿ ಕಚೇರಿಯಲ್ಲಿ ಮಲಯಾಳಂ, ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ತುಳು ಅಥವಾ ಕೊಂಕಣಿ. ಎರಡು ಕಡೆ ಕಾಲಿಟ್ಟೇ ನಮ್ಮ ಬದುಕು. ಯಂತ್ರ ಲೊಕೇಶನ್ ನೋಡಿ ಒಂದು ಕಡೆಯನ್ನು ಆರಿಸುತ್ತದೆ. ಇನ್ನೊಂದು ಕಡೆ ಇದೆ ಎಂಬ ಸುಳಿವೂ ಸಿಗುವುದಿಲ್ಲ. ‘ಗಡಿನಾಡು ಕನ್ನಡಿಗ’ ಎಂದು ಸೇರಿಸಿ ಹುಡುಕಿದ್ದರೆ ತಂಗಿಗೆ ಎಲ್ಲವೂ ಸಿಗುತ್ತಿತ್ತು, ನಿಜ. ಆದರೆ ಅಂಥದ್ದೊಂದು ಇದೆ ಎಂದೇ ತಿಳಿಯದವಳು ಅದನ್ನು ಹೇಗೆ ಕೇಳಿಯಾಳು? ನಮಗೆ ಗೊತ್ತಿಲ್ಲದ್ದು ನಮ್ಮ ಹಳೆಯ ಹುಡುಕಾಟಗಳಲ್ಲೂ ಇರುವುದಿಲ್ಲ.

ಇನ್ನೊಂದು ಮಾತು. ಯಾರಿಗಾಗಿ ಕೇಳುತ್ತಿದ್ದೇವೆ ಎಂಬುದೂ ಯಂತ್ರಕ್ಕೆ ತಿಳಿಯದು. ತಂದೆಯ ಕುಡಿತ ಬಿಡಿಸಬೇಕೆಂದು ಮಗ ರಾತ್ರಿ ಹುಡುಕುತ್ತಾನೆ. ಯಂತ್ರದ ಲೆಕ್ಕದಲ್ಲಿ ಆ ಚಿಂತೆ ಫೋನಿನ ಒಡೆಯನದ್ದು. ನಮ್ಮ ಎಷ್ಟೋ ಮನೆಗಳಲ್ಲಿ ಒಂದೇ ಫೋನು ಅಮ್ಮನದ್ದೂ ಹೌದು, ಮಕ್ಕಳದ್ದೂ ಹೌದು. ಒಬ್ಬರ ಗುಟ್ಟು ಇನ್ನೊಬ್ಬರ ಪರದೆಯ ಮೇಲೆ ಸಲಹೆಯಾಗಿ ಬಂದು ನಿಲ್ಲುತ್ತದೆ. ಹೆತ್ತವರಿಗೆ ಇಲ್ಲಿ ಒಂದು ವಿನಂತಿ: ಮಗನ ಫೋನಿನಲ್ಲಿ ಏನಾದರೂ ಕಂಡ ಕೂಡಲೇ ತೀರ್ಮಾನಕ್ಕೆ ಬರಬೇಡಿ. ಪಕ್ಕ ಕೂತು ಕೇಳಿ.

ಈ ಗುಟ್ಟುಗಳು ಎಷ್ಟು ಮಾತಾಡುತ್ತವೆ ಎಂಬುದು 2006ರಲ್ಲೇ ಲೋಕಕ್ಕೆ ತಿಳಿಯಿತು. ಅಮೆರಿಕದ ಎಒಎಲ್ ಕಂಪೆನಿ ಸಂಶೋಧನೆಗೆಂದು ಆರೂವರೆ ಲಕ್ಷ ಮಂದಿಯ ಸುಮಾರು 2 ಕೋಟಿ ಹುಡುಕಾಟಗಳನ್ನು ಬಿಡುಗಡೆ ಮಾಡಿತು. ಹೆಸರು ತೆಗೆದು ಬರೀ ಸಂಖ್ಯೆ ಕೊಟ್ಟಿದ್ದರು. ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿಗಾರರು ಒಂದು ಸಂಖ್ಯೆಯ ಹಿಂದಿದ್ದ ವಯಸ್ಸಾದ ವಿಧವೆಯ ಮನೆ ಬಾಗಿಲಿಗೇ ಹೋದರು. ಆಕೆ ಹುಡುಕಿದ್ದ ಕಾಯಿಲೆಗಳಲ್ಲಿ ಹಲವು ಆಕೆಯದ್ದಲ್ಲ, ಗೆಳತಿಯರದ್ದು. ಬರೀ ಪಟ್ಟಿ ನೋಡಿದವರು ಆಕೆಯನ್ನೇ ರೋಗಿ ಎನ್ನುತ್ತಿದ್ದರು. ಪಟ್ಟಿ ಸರಿಯಿತ್ತು, ಅದರಿಂದ ಮಾಡಿದ ಊಹೆ ಮಾತ್ರ ತಪ್ಪು.

ನಮ್ಮ ದೇಶದಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಹಕ್ಕು ಸಿಕ್ಕಿತು. ಅದನ್ನು ಬಳಸುವುದು ನಮ್ಮ ಕೆಲಸ.

ಹಾಗಾದರೆ ಏನು ಮಾಡೋಣ? ದೊಡ್ಡ ಕೆಲಸವೇನೂ ಬೇಡ. ಒಂದು, ಯಂತ್ರ ಊಹಿಸುವ ಮೊದಲು ನಾವೇ ಹೇಳಿಬಿಡೋಣ. ಯಾವ ರಾಜ್ಯ, ಯಾವ ಭಾಷೆ, ಯಾರಿಗೆ ಎಂದು ಪದ ಸೇರಿಸೋಣ. ಮುಖ್ಯ ವಿಷಯವಾದರೆ ‘ಕೇರಳ’ ಎಂದೊಮ್ಮೆ, ‘ಕರ್ನಾಟಕ’ ಎಂದೊಮ್ಮೆ, ಕನ್ನಡದಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ ಹುಡುಕೋಣ. ಎರಡು, ಗೂಗಲ್ ಖಾತೆಯ ‘ಮೈ ಆ್ಯಕ್ಟಿವಿಟಿ’ ಪುಟವನ್ನು ಒಮ್ಮೆ ತೆರೆದು ನೋಡೋಣ. ಅಲ್ಲಿ ಹಳೆಯದನ್ನು ಅಳಿಸಬಹುದು. 3, 18 ಅಥವಾ 36 ತಿಂಗಳಿಗಿಂತ ಹಳೆಯದು ತಾನಾಗಿ ಅಳಿಯುವಂತೆಯೂ ಇಡಬಹುದು. ಇನ್‌ಕಾಗ್ನಿಟೋದಲ್ಲಿ ಹುಡುಕಿದರೆ ಫೋನಿನಲ್ಲಿ ಚರಿತ್ರೆ ಉಳಿಯದು. ಆದರೆ ನಾವು ಯಾವ ಊರಿನ ಆಸುಪಾಸು ಎಂಬುದು ಆಗಲೂ ತಿಳಿಯುತ್ತದೆ, ಅದನ್ನು ನೆನಪಿಡೋಣ. ಮೂರು, ಇದೇ ನಮಗೆ ಮುಖ್ಯ: ಪರೀಕ್ಷೆ, ಸ್ಕಾಲರ್‌ಶಿಪ್, ಪಿಂಚಣಿಯ ವಿಷಯಗಳಿಗೆ ತಿಂಗಳಲ್ಲೊಂದು ಭಾನುವಾರ ಪೂಜೆಯ ಬಳಿಕ ಅರ್ಧ ಗಂಟೆ ಚರ್ಚಿನ ಹಾಲಿನಲ್ಲಿ ಕೂರೋಣ. ಎರಡೂ ರಾಜ್ಯಗಳ ವ್ಯವಸ್ಥೆ ಕಂಡ ಅಕ್ಕ ಅಣ್ಣಂದಿರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ.

ಜೆರಿಕೋ ದಾರಿಬದಿಯಲ್ಲಿ ಕುಳಿತಿದ್ದ ಬಾರ್ತಿಮಾಯನನ್ನು ನೆನಪು ಮಾಡಿಕೊಳ್ಳಿ. ಅವನು ಕುರುಡ ಎಂಬುದು ಯಾರಿಗೂ ಕಾಣುತ್ತಿತ್ತು. ಆದರೂ ಯೇಸುಸ್ವಾಮಿ ಊಹಿಸಲಿಲ್ಲ. ನಿನಗೇನು ಮಾಡಬೇಕು ಎಂದು ಅವನನ್ನೇ ಕೇಳಿದರು. ಊಹಿಸುವುದು ಯಂತ್ರಕ್ಕೂ ಬರುತ್ತದೆ. ಪಕ್ಕದಲ್ಲಿ ನಿಂತು “ನೀನು ಅರ್ಜಿ ಹಾಕಿದ್ದೀಯಾ?” ಎಂದು ಕೇಳುವುದು ನಮ್ಮಿಂದ ಆಗಬೇಕಾದ ಕೆಲಸ.

ಅಂದ ಹಾಗೆ, ತಂಗಿ ಈಗ ಮಂಗಳೂರಿನಲ್ಲಿ ಓದುತ್ತಿದ್ದಾಳೆ. ಶನಿವಾರ ರೈಲಿನಲ್ಲಿ ಮನೆಗೆ ಬರುತ್ತಾಳೆ. ಮೊದಲ ಭಾನುವಾರದ ಅರ್ಧ ಗಂಟೆಗೆ ತಾನೇ ಕೂರುತ್ತೇನೆ ಎಂದಿದ್ದಾಳೆ. ನೀವೂ ಬರುತ್ತೀರಲ್ಲ?