ಕಾಂಪ್ಲೆಕ್ಸಿನ ಕಸಕ್ಕೆ ವಾರಸುದಾರರಿಲ್ಲವೇ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ - ಈ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ಯಾವುದರ ಪೇಟೆ ಬೀದಿಯಲ್ಲಿ ನಡೆದರೂ ಒಂದೇ ಬಗೆಯ ಕಟ್ಟಡ ಎದುರಾಗುತ್ತದೆ. ಕೆಳಗೆ ಅಂಗಡಿ ಮಳಿಗೆಗಳ ಸಾಲು. ಮೇಲಿನ ಅಂತಸ್ತುಗಳಲ್ಲಿ ವಕೀಲರ ಕಚೇರಿ, ಪತ್ರ ಬರಹಗಾರರ ಕೊಠಡಿ, ವಿಮಾ ಪ್ರತಿನಿಧಿಯ ಮೇಜು, ಫೈನಾನ್ಸ್, ಕಂಪ್ಯೂಟರ್ ತರಬೇತಿ ಕೇಂದ್ರ. ಎಲ್ಲರಿಗೂ ಒಂದೇ ಮೆಟ್ಟಿಲು, ಒಂದೇ ನೀರಿನ ಟ್ಯಾಂಕು, ಒಂದೇ ಶೌಚಾಲಯ. ಮೆಟ್ಟಿಲ ಕೆಳಗಿನ ಮೂಲೆಯೂ ಎಲ್ಲರಿಗೂ ಒಂದೇ. ಕುಡಿದು ಬಿಟ್ಟ ಕಾಗದದ ಲೋಟ, ತಪ್ಪಾಗಿ ಮುದ್ರಣಗೊಂಡ ಹಾಳೆ, ಊಟದ ಪೊಟ್ಟಣ, ಕೆಟ್ಟ ಟ್ಯೂಬ್‌ಲೈಟು ಎಲ್ಲವೂ ಬಂದು ಸೇರುವುದು ಅಲ್ಲಿಗೇ. ಇಂತಹ ಕಟ್ಟಡಗಳಲ್ಲಿ ಮಸೀದಿಯ ಆದಾಯಕ್ಕೆಂದು ಜಮಾಅತಿನವರೇ ಕಟ್ಟಿಸಿದವೂ ಇವೆ. ಇತರ ಕಟ್ಟಡಗಳಲ್ಲಿ ನಮ್ಮವರು ಬಾಡಿಗೆದಾರರಾಗಿದ್ದಾರೆ. ಆದುದರಿಂದ ಈ ಮಾತನ್ನು ನಾವು ಪುರಸಭೆಗೆ ಹೇಳುತ್ತಿಲ್ಲ, ನಮ್ಮವರಿಗೇ ಹೇಳುತ್ತಿದ್ದೇವೆ.

ಆ ಕಸ ಯಾರದೆಂದು ಕೇಳಿನೋಡಿ. ಕೆಳಗಿನವರು ಮೇಲಿನವರತ್ತ ಕೈ ತೋರಿಸುತ್ತಾರೆ. ಮೇಲಿನವರು ಚಹಾ ತರುವ ಹುಡುಗನ ಹೆಸರು ಹೇಳುತ್ತಾರೆ. ಬಾಡಿಗೆ ವಸೂಲಿಯಷ್ಟೇ ತಮ್ಮ ಹೊಣೆಯೆಂದು ಮಾಲೀಕರು ನುಣುಚಿಕೊಳ್ಳುತ್ತಾರೆ. ಕಡೆಗೆ ಎಲ್ಲರೂ ಒಂದಾಗಿ ಆಡುವ ಮಾತು, “ತೆರಿಗೆ ಕಟ್ಟುತ್ತೇವಲ್ಲ, ಅವರೇ ಬಂದು ಎತ್ತಿಕೊಂಡು ಹೋಗಲಿ.” ಈ ಕೊನೆಯ ಮಾತನ್ನು ನಾವು ಒಪ್ಪುವುದಿಲ್ಲ. ಕೇಂದ್ರ ಸರಕಾರವು 2016ರಲ್ಲಿ ಪ್ರಕಟಿಸಿದ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಮೊದಲ ಹೊಣೆಯನ್ನು ಕಸ ಹುಟ್ಟಿಸುವವನ ಮೇಲೆ ಹೊರಿಸಿದವು. ಕಸವನ್ನು ವಿಂಗಡಿಸಿ ಕೊಡಬೇಕಾದವರು ನಾವು. ಬೀದಿಗೆ ಎಸೆಯುವುದೂ ಬಯಲಲ್ಲಿ ಸುಡುವುದೂ ನಿಷಿದ್ಧ. ತೆರಿಗೆಯು ಕಸವನ್ನು ಸಾಗಿಸುವುದಕ್ಕೆ ಕೊಡುವ ಹಣವೇ ಹೊರತು ಹೊಣೆಗೇಡಿತನಕ್ಕೆ ಪಡೆದ ಪರವಾನಗಿಯಲ್ಲ.

ಕಾನೂನಿನ ಮಾತು ಹಾಗಿರಲಿ. ಬುಖಾರಿಯಲ್ಲಿ ನುಅಮಾನ್ ಬಿನ್ ಬಶೀರ್(ರ) ವರದಿ ಮಾಡಿದ ಹಡಗಿನ ಉಪಮೆಯನ್ನು ನಾವೆಲ್ಲರೂ ಖುತ್ಬಾಗಳಲ್ಲಿ ಕೇಳಿದ್ದೇವೆ. ಹಡಗಿನ ಕೆಳ ಅಂತಸ್ತಿನವರು ನೀರಿಗಾಗಿ ಪ್ರತಿಸಲವೂ ಮೇಲಿನವರನ್ನು ದಾಟಿ ಹೋಗಬೇಕಿತ್ತು. ಅವರಿಗೆ ತೊಂದರೆ ಕೊಡುವುದೇಕೆಂದು ತಮ್ಮ ಪಾಲಿನ ಜಾಗದಲ್ಲೇ ಒಂದು ರಂಧ್ರ ಕೊರೆಯಲು ಮುಂದಾದರು. ಮೇಲಿನವರು ಸುಮ್ಮನಿದ್ದರೆ ಎಲ್ಲರೂ ಮುಳುಗುವರು, ತಡೆದರೆ ಎಲ್ಲರೂ ಉಳಿಯುವರು. ಈ ಉಪಮೆಯನ್ನು ಸಾಮಾನ್ಯವಾಗಿ ಕೆಡುಕನ್ನು ತಡೆಯುವ ಕರ್ತವ್ಯಕ್ಕೆ ಉದಾಹರಿಸುತ್ತಾರೆ, ಅದು ಸರಿಯೇ. ಆದರೆ ರಂಧ್ರ ಕೊರೆಯ ಹೊರಟವರು ದುಷ್ಟರಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ‘ನಮ್ಮ ಪಾಲಿನ ಜಾಗ’ ಎಂದು ಭಾವಿಸಿದ್ದೇ ಅವರ ತಪ್ಪು. ಒಂದೇ ತಳದ ಮೇಲೆ ನಿಂತವರಿಗೆ ಹಾಗೆ ಬೇರ್ಪಟ್ಟ ಪಾಲು ಇರುವುದಿಲ್ಲ. ಎರಡನೇ ಮಹಡಿಯ ಕಿಟಕಿಯಿಂದ ಹಿತ್ತಲಿಗೆ ಎಸೆದ ಪ್ಲಾಸ್ಟಿಕ್ಕು ಮೊದಲ ಮಳೆಗೇ ಚರಂಡಿ ಕಟ್ಟಿಸಿ ಕೆಳಗಿನ ಕಿರಾಣಿ ಅಂಗಡಿಗೆ ನೀರು ನುಗ್ಗಿಸುತ್ತದೆ. ಅದನ್ನೇ ಹಿತ್ತಲಲ್ಲಿ ಸುಟ್ಟರೆ ಹೊಗೆ ಏರುವುದು ಮೇಲಕ್ಕೆ, ಮಕ್ಕಳು ಕಲಿಯುತ್ತಿರುವ ಕೋಣೆಗೆ.

ನಮಗೆ ಅಚ್ಚರಿಯಾಗುವುದು ಇನ್ನೊಂದು ವಿಷಯದಲ್ಲಿ. ಶುಚಿತ್ವ ಈಮಾನಿನ ಭಾಗವೆಂದು ಮನೆಮನೆಯಲ್ಲಿ ಕಲಿಸುವ ಸಮುದಾಯ ನಮ್ಮದು. ಕಚೇರಿಯ ಬಾಗಿಲಲ್ಲಿ ಚಪ್ಪಲಿ ಕಳಚುತ್ತೇವೆ, ಒಳಗೆ ಊದುಬತ್ತಿ ಹಚ್ಚುತ್ತೇವೆ. ಆದರೆ ಬಾಗಿಲಿನ ಹೊರಗಿನ ಮೆಟ್ಟಿಲು? ದಾರಿಯಲ್ಲಿರುವ ತೊಡಕನ್ನು ಸರಿಸುವುದೂ ವಿಶ್ವಾಸದ ಒಂದು ಶಾಖೆಯೆಂದು ಪ್ರವಾದಿ(ಸ) ಕಲಿಸಿದರು. ಅವರು ಹೇಳಿದ್ದು ದಾರಿಯನ್ನು ಕುರಿತು, ಮನೆಯ ಒಳಗನ್ನಲ್ಲ. ಶಿರಾದ ಜಾಮಿಯಾ ಮಸೀದಿಯನ್ನು ಮೊಗಲರ ಕಾಲದಲ್ಲಿ, 1696ರಲ್ಲಿ, ಕೆತ್ತಿದ ಕಲ್ಲಿನಿಂದ ಕಟ್ಟಲಾಯಿತು. ಮುನ್ನೂರು ವರ್ಷ ದಾಟಿದರೂ ಅದನ್ನು ನೋಡಲು ದೂರದವರು ಬರುತ್ತಾರೆ. ನಾವು ನಿನ್ನೆ ಮೊನ್ನೆ ಕಟ್ಟಿದ ಕಾಂಪ್ಲೆಕ್ಸಿನ ಮೆಟ್ಟಿಲ ಗೋಡೆಯು ಗುಟ್ಕಾ ಉಗುಳಿನಿಂದ ಕೆಂಪಾಗಿದೆ.

ಕೊಳಕಿಗಿಂತಲೂ ಮೊದಲು ಬರುವುದು ದುಂದು. ಕಸವಾಗುವ ಮುನ್ನ ಅದು ವಸ್ತುವಾಗಿತ್ತು, ಅದಕ್ಕೆ ಹಣ ತೆತ್ತಿದ್ದೆವು. ಬನೀ ಇಸ್ರಾಈಲ್ ಅಧ್ಯಾಯದಲ್ಲಿ ದುಂದುಗಾರರನ್ನು ಶೈತಾನನ ಸಹೋದರರ ಸಾಲಿಗೆ ಸೇರಿಸಲಾಗಿದೆ. ಮದುವೆಯ ಊಟದ ಬಗ್ಗೆ ಈ ವಚನವನ್ನು ಓದುವವರು ಕಚೇರಿಯ ಮೇಜಿನ ಬಗ್ಗೆಯೂ ಓದಬೇಕು. ಒಂದು ಲೆಕ್ಕ ಹಾಕೋಣ. ಇಪ್ಪತ್ತು ಕಚೇರಿಗಳಿರುವ ಕಟ್ಟಡ, ತಲಾ ನಾಲ್ವರು, ದಿನಕ್ಕೆ ಮೂರು ಬಾರಿ ಚಹಾ. ದಿನವೊಂದಕ್ಕೆ 240 ಲೋಟ, 300 ಕೆಲಸದ ದಿನಗಳಿಗೆ 72,000. ಇವು ಕಾಗದದವು, ಮಣ್ಣಾಗಿಬಿಡುತ್ತವೆ ಎಂದು ಸಮಾಧಾನ ಹೇಳಿಕೊಳ್ಳುವವರಿದ್ದಾರೆ. ಲೋಟದ ಒಳಮೈಗೆ ತೆಳುವಾದ ಪ್ಲಾಸ್ಟಿಕ್ ಪದರವಿರುತ್ತದೆ; ಇಲ್ಲವಾದರೆ ಚಹಾ ಸೋರಿಹೋಗುತ್ತಿತ್ತು. ಬಿಸಿ ಪಾನೀಯವನ್ನು ಅದರಲ್ಲಿ ಹದಿನೈದು ನಿಮಿಷ ಬಿಟ್ಟರೆ 100 ಮಿಲಿಲೀಟರಿಗೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಸೇರುತ್ತವೆಂದು ಖರಗ್‌ಪುರ ಐಐಟಿಯ ಸಂಶೋಧಕರು 2020ರಲ್ಲಿ ವರದಿ ಮಾಡಿದರು. ಎಂಬತ್ತು ಸ್ಟೀಲ್ ಲೋಟಗಳ ಬೆಲೆ ಒಂದು ಕಟ್ಟಡಕ್ಕೆ ಭಾರವೇನಲ್ಲ. ತೊಳೆಯುವವರು ಯಾರೆಂಬ ಪ್ರಶ್ನೆಗೆ ಉತ್ತರ ಸರಳವಾಗಿದೆ. ತಾನು ಕುಡಿದ ಲೋಟವನ್ನು ತಾನೇ ತೊಳೆಯುವುದು ಹರಿದ ಬಟ್ಟೆಯನ್ನೂ ಚಪ್ಪಲಿಯನ್ನೂ ತಾವೇ ಹೊಲಿದುಕೊಳ್ಳುತ್ತಿದ್ದ ಪ್ರವಾದಿ(ಸ)ಯವರ ಅನುಯಾಯಿಗಳಿಗೆ ಅವಮಾನವಾಗಲಾರದು.

ಕಾಗದದ ವಿಷಯದಲ್ಲಂತೂ ನಮ್ಮ ಚರಿತ್ರೆಯಲ್ಲೇ ಮಾದರಿಯಿದೆ. ಖಲೀಫ ಉಮರ್ ಬಿನ್ ಅಬ್ದುಲ್ ಅಝೀಝ್(ರ)ರಿಗೆ ಮದೀನಾದ ರಾಜ್ಯಪಾಲರು ಪತ್ರ ಬರೆದು, ಬರೆಯಲು ಕಾಗದದ ಹಾಳೆಗಳನ್ನೂ ದೀಪಕ್ಕೆ ಮೇಣದ ಬತ್ತಿಗಳನ್ನೂ ಹಿಂದಿನವರಿಗೆ ಕೊಡುತ್ತಿದ್ದಂತೆ ತಮಗೂ ಮಂಜೂರು ಮಾಡಬೇಕೆಂದು ಕೋರಿದರು. ಲೇಖನಿಯನ್ನು ಚೂಪು ಮಾಡಿಕೊಂಡು ಸಾಲುಗಳನ್ನು ಒತ್ತಾಗಿ ಬರೆಯಬೇಕು, ಹಲವು ವಿಷಯಗಳನ್ನು ಒಂದೇ ಪತ್ರದಲ್ಲಿ ಸೇರಿಸಬೇಕು ಎಂಬ ತಾತ್ಪರ್ಯದ ಉತ್ತರ ಹೋಯಿತು. ಬತ್ತಿಯೂ ಸಿಗಲಿಲ್ಲ. ವಿಶಾಲ ಸಾಮ್ರಾಜ್ಯದ ಬೊಕ್ಕಸಕ್ಕೆ ಆ ಹಾಳೆಗಳು ಏನೇನೂ ಅಲ್ಲ. ಆದರೆ ಅದು ಜನರ ಸೊತ್ತು. ಇಂದು ಪಹಣಿ ಕಂಪ್ಯೂಟರಿನಿಂದ ಬರುತ್ತದೆ, ಆಧಾರ್ ಮೊಬೈಲಿನಲ್ಲಿದೆ. ಆದರೂ ಒಂದು ಅರ್ಜಿಗೆ ಮೂರು ಜೆರಾಕ್ಸ್, ‘ಇರಲಿ’ ಎಂದು ಇನ್ನೊಂದು. ಹಾಳೆಯ ಹಿಂಬದಿ ಖಾಲಿ. ಒಂದು ಬದಿ ಉಳಿದ ಹಾಳೆಗಳನ್ನು ಕರಡಿಗೆ ಬಳಸಿ, ಉಳಿದದ್ದನ್ನು ರದ್ದಿಗೆ ಹಾಕಿದರೆ ಅದು ಕಸವೇ ಆಗುವುದಿಲ್ಲ.

ನೀರಿನ ಮಾತು ಪಾವಗಡದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಫ್ಲೋರೈಡ್ ತುಂಬಿದ ಅಂತರ್ಜಲ, ಕ್ಯಾನಿನಲ್ಲಿ ಕೊಂಡು ತರುವ ಕುಡಿಯುವ ನೀರು ಅವರ ನಿತ್ಯದ ಬದುಕು. ಪ್ರವಾದಿ(ಸ)ಯವರು ಒಂದು ಮುದ್ದ್ ನೀರಿನಲ್ಲಿ, ಅಂದರೆ ಲೀಟರಿಗಿಂತ ಕಡಿಮೆಯಲ್ಲಿ, ವುಝೂ ಪೂರೈಸುತ್ತಿದ್ದರೆಂದು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಅದೇ ತಾಲ್ಲೂಕಿನಲ್ಲಿ ಸುಮಾರು 13,000 ಎಕರೆಯ ಸೌರ ವಿದ್ಯುತ್ ಪಾರ್ಕ್ ಇದೆಯಲ್ಲ, ಅದನ್ನು ಕಂಡು ಹೆಮ್ಮೆ ಪಡುವ ನಾವು ನಡುಹಗಲಲ್ಲೂ ಮೆಟ್ಟಿಲ ದೀಪ ಆರಿಸುವುದಿಲ್ಲ.

ಸಮುದಾಯದ ಮುಂದೆ ಇದಕ್ಕಿಂತ ದೊಡ್ಡ ಸಮಸ್ಯೆಗಳಿವೆ - ಶಿಕ್ಷಣ, ಉದ್ಯೋಗ, ವಕ್ಫ್ ಆಸ್ತಿಯ ರಕ್ಷಣೆ - ಎಂದು ಹಿರಿಯರು ಆಕ್ಷೇಪಿಸಬಹುದು. ಇದು ವಕ್ಫ್ ಆಸ್ತಿಯ ರಕ್ಷಣೆಯ ಪ್ರಶ್ನೆಯೇ ಆಗಿದೆ. ದಾನಿಗಳು ಅಲ್ಲಾಹನಿಗೆಂದು ಬಿಟ್ಟುಕೊಟ್ಟ ಜಾಗವು ಮುತವಲ್ಲಿಯ ಕೈಯಲ್ಲಿರುವ ಅಮಾನತ್. ಅದರ ಹಿತ್ತಲನ್ನು ತಿಪ್ಪೆಯಾಗಲು ಬಿಡುವುದು ಅಮಾನತ್ತಿಗೆ ಬಗೆಯುವ ದ್ರೋಹವಲ್ಲದೆ ಮತ್ತೇನು? ಇನ್ನೂ ಒಂದಿದೆ. ಬೆರೆತು ಕೊಳೆತ ನಮ್ಮ ಕಸವನ್ನು ಬರಿಗೈಯಲ್ಲಿ ಬಗೆದು ಬೇರ್ಪಡಿಸುವವರು ಪೌರಕಾರ್ಮಿಕರು. ಒಡೆದ ಗಾಜು, ಸೂಜಿ, ಬ್ಲೇಡು ತಗಲುವುದು ಅವರ ಕೈಗೆ. ಈದಿನ ದಿನ ಅವರಿಗೆ ಬಿರಿಯಾನಿಯ ಪೊಟ್ಟಣ ಕೊಟ್ಟು, ಮಾರನೆಯ ದಿನ ಅವರ ಮುಂದೆ ಗಾಜು ಸುರಿಯುವುದು ಯಾವ ಸೀಮೆಯ ಔದಾರ್ಯ?

ಹನ್ನೊಂದು ತಿಂಗಳಿಗೊಮ್ಮೆ ಬಾಡಿಗೆ ಕರಾರು ನವೀಕರಿಸುವ ಕಮಿಟಿಗಳಿಗೆ ಅಧಿಕಾರವಿದೆ. ಬಾಡಿಗೆ ಹೆಚ್ಚಿಸುವ ಕಲಮನ್ನು ಮರೆಯದೆ ಬರೆಸುವವರು ಇನ್ನೊಂದು ಕಲಮನ್ನೂ ಬರೆಸಲಿ: ಪ್ರತಿ ಕಚೇರಿಯಲ್ಲಿ ಹಸಿ ಮತ್ತು ಒಣ ಕಸಕ್ಕೆ ಬೇರೆ ಬುಟ್ಟಿ, ಟ್ಯೂಬ್‌ಲೈಟು, ಬ್ಯಾಟರಿ, ಟೋನರುಗಳಿಗೆ ಕಟ್ಟಡಕ್ಕೊಂದು ಪ್ರತ್ಯೇಕ ಪೆಟ್ಟಿಗೆ, ಒಮ್ಮೆ ಬಳಸಿ ಎಸೆಯುವ ಲೋಟ ತಟ್ಟೆಗಳಿಗೆ ಪ್ರವೇಶವಿಲ್ಲ, ಸುಟ್ಟವರಿಂದ ದಂಡ, ಅದೂ ಮುಂಗಡ ಹಣದಿಂದ. ಕಮಿಟಿಯ ಕಚೇರಿಯೂ ಅದೇ ಕಟ್ಟಡದಲ್ಲಿದ್ದರೆ ಮೊದಲ ಬುಟ್ಟಿ ಅಲ್ಲಿಯೇ ಇಡಲಿ. ಈ ವರ್ಷ ನವೀಕರಣಕ್ಕೆ ಬರುವ ಮೊದಲ ಕರಾರಿನಿಂದಲೇ ಇದು ಆರಂಭವಾಗಲಿ. ಸಹಿ ಹಾಕಲು ಒಪ್ಪದ ಬಾಡಿಗೆದಾರರಿದ್ದರೆ ಅವರ ಕಾರಣವನ್ನು ಸಭೆಯ ನಡಾವಳಿಯಲ್ಲಿ ಬರೆದುಕೊಂಡು, ಜುಮಾ ನಮಾಝಿನ ಬಳಿಕ ಜಮಾಅತಿನ ಮುಂದೆ ಓದಲಿ.