ಮನೆಯ ಅಚ್ಚುಕಟ್ಟು ಯಾರ ಹೊಣೆ?

ಮನೆಯಲ್ಲಿಯೇ ಕುಳಿತು ದುಡಿಯುವ ತಂದೆತಾಯಿಯರು ಮಕ್ಕಳನ್ನೂ ಕೆಲಸವನ್ನೂ ಏಕಕಾಲದಲ್ಲಿ ನಿಭಾಯಿಸುವುದು ಹೇಗೆ ಎಂಬ ಚರ್ಚೆ 2020ರ ಲಾಕ್‌ಡೌನಿನ ದಿನಗಳಿಂದೀಚೆಗೆ ಎಲ್ಲೆಡೆ ಕೇಳಿಬರುತ್ತಿದೆ. ಇದು ಹೊಸ ಕಾಲದ ಹೊಸ ಸಮಸ್ಯೆಯೆಂದು ಅನೇಕರು ಭಾವಿಸಿದ್ದಾರೆ. ಮಣಿಪಾಲದ ಬಹುಮಹಡಿ ಮನೆಗಳಲ್ಲಿ ಗಣಕಯಂತ್ರದ ಮುಂದೆ ಕುಳಿತವರಿಗೆ ಅದು ಹೊಸದಿರಬಹುದು. ಉಡುಪಿ, ಕಾಪು, ಕಾರ್ಕಳ ಸೀಮೆಯ ಬೀಡಿ ಸುತ್ತುವ ತಾಯಂದಿರಿಗೆ ಅದು ತಲೆಮಾರುಗಳಿಂದ ಬಂದ ನಿತ್ಯದ ಬದುಕು.

ನಾನು ಕಾರ್ಕಳದ ಕಡೆಯ ಹಳ್ಳಿಯೊಂದರಲ್ಲಿ ಅಂತಹ ತಾಯಿಯ ಮಗನಾಗಿ ಬೆಳೆದವನು. ಬೀಡಿಯ ಕೆಲಸದಲ್ಲಿ ಅವ್ಯವಸ್ಥೆಗೆ ಎಡೆಯೇ ಇಲ್ಲ. ಎಲೆಯನ್ನು ಮೊದಲೇ ನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು; ತಗಡಿನ ಅಚ್ಚನ್ನಿಟ್ಟು ಕತ್ತರಿಸಬೇಕು; ಹೊಗೆಸೊಪ್ಪಿನ ಹುಡಿ ತುಂಬಿ ಸುತ್ತಿ, ನೂಲು ಬಿಗಿದು, ತುದಿ ಮಡಚಬೇಕು. 25 ಬೀಡಿಗೆ ಒಂದು ಕಟ್ಟು. 40 ಕಟ್ಟುಗಳಾದರೆ ಒಂದು ಸಾವಿರ. ‘ಅಚ್ಚುಕಟ್ಟು’ ಎಂಬ ಪದವನ್ನು ತರಗತಿಯಲ್ಲಿ ಬಿಡಿಸಿ ಹೇಳುವಾಗಲೆಲ್ಲ ನನ್ನ ಕಣ್ಣ ಮುಂದೆ ನಿಲ್ಲುವುದು ಆ ತಗಡಿನ ಅಚ್ಚು ಮತ್ತು ಆ ನೂಲಿನ ಕಟ್ಟು. ನಾವು ಶಾಲೆಗೆ ಹೊರಡುವವರೆಗೆ ತಾಯಿ ಗೆರಸೆಯನ್ನು ಮುಟ್ಟುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತೆಲ್ಲ ಬೀಡಿಗೆ ಮೀಸಲು. ಸಂಜೆ ಬ್ರಾಂಚಿಗೆ ಹೋಗಿ ಬೀಡಿ ಒಪ್ಪಿಸಿ, ಎಲೆ ತಂಬಾಕು ತಂದ ಮೇಲೆ ಒಲೆ ಹೊತ್ತುತ್ತಿತ್ತು. ಊರಿನವರೆಲ್ಲ ಆಕೆಯ ಅಚ್ಚುಕಟ್ಟನ್ನು ಕೊಂಡಾಡುತ್ತಿದ್ದರು.

ಆದರೆ ಆ ಅಚ್ಚುಕಟ್ಟಿನ ಬೆಲೆಯನ್ನು ತೆತ್ತವರು ಯಾರೆಂಬುದನ್ನು ನಾನು ಅರಿತದ್ದು ಬಹಳ ತಡವಾಗಿ. ನೀರು ಸೇದಿದವಳು, ತಮ್ಮಂದಿರನ್ನು ಮೀಯಿಸಿದವಳು, ಲೆಕ್ಕ ತುಂಬದ ದಿನ ಚಿಮಿಣಿ ದೀಪದ ಬೆಳಕಿನಲ್ಲಿ ಬೀಡಿಯ ತುದಿ ಮಡಚಿದವಳು ನನ್ನ ಅಕ್ಕ. ಮನೆಪಾಠ ಬರೆಯದೆ ಬಂದುದಕ್ಕಾಗಿ ಆಕೆ ತರಗತಿಯಲ್ಲಿ ಎದ್ದುನಿಂತ ದಿನಗಳೆಷ್ಟೋ! ಏಕೆ ಬರೆಯಲಿಲ್ಲವೆಂದು ಗದರಿದವರಿದ್ದರು. ಯಾವ ಹೊತ್ತಿನಲ್ಲಿ ಬರೆಯುತ್ತೀಯೆ ಎಂದು ಕೇಳಿದವರಿರಲಿಲ್ಲ. ಏಳನೆಯ ತರಗತಿಗೆ ಆಕೆಯ ಓದು ನಿಂತಿತು. ನಾನು ವಿದ್ವಾನ್ ಪದವಿ ಪಡೆದೆ. ತಾಯಿಯನ್ನು ದೂಷಿಸಲು ಇದನ್ನು ಬರೆಯುತ್ತಿಲ್ಲ. ಆಕೆಗೆ ಬೇರೆ ಕೈಗಳಿರಲಿಲ್ಲ. ಕೈಗಳಿದ್ದ ಗಂಡಸರಾದ ನಮಗೆ ಯಾರೂ ಕೆಲಸ ಹೇಳಲಿಲ್ಲ. ನಾವಾಗಿ ಕೇಳಲೂ ಇಲ್ಲ.

ಸರಕಾರ ಈ ಗೃಹೋದ್ಯೋಗವನ್ನು ಕಾಣಲಿಲ್ಲವೆಂದಲ್ಲ. 1966ರಲ್ಲಿ ಬೀಡಿ ಕಾರ್ಮಿಕರ ಕಾಯಿದೆ ಬಂತು. 1976ರಲ್ಲಿ ಕಲ್ಯಾಣನಿಧಿಯ ಕಾಯಿದೆಯಾಗಿ, ಅವರ ಮಕ್ಕಳಿಗೆ ವಿದ್ಯಾರ್ಥಿವೇತನ ಸಿಗುವಂತಾಯಿತು. ಮನೆಯಲ್ಲಿ ಬೀಡಿ ಸುತ್ತುವವರೂ ಭವಿಷ್ಯನಿಧಿಗೆ ಅರ್ಹರೆಂದು 1985ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. 1986ರ ಬಾಲಕಾರ್ಮಿಕ ಕಾಯಿದೆ ಬೀಡಿ ತಯಾರಿಕೆಯಲ್ಲಿ ಮಕ್ಕಳನ್ನು ದುಡಿಸುವುದನ್ನು ನಿಷೇಧಿಸಿತು. ಆದರೆ ಮನೆಯವರ ನೆರವಿನಿಂದಲೇ ನಡೆಯುವ ಕೆಲಸವನ್ನು ಆ ನಿಷೇಧದಿಂದ ಹೊರಗಿರಿಸಿತು. ತಾಯಿ ಕಾರ್ಮಿಕಳೆಂಬುದನ್ನು ಕಾನೂನು ಒಪ್ಪಿತಾದರೂ, ಆಕೆಯ ಬೆನ್ನ ಹಿಂದೆ ಕುಳಿತ ಮಗಳು ಅದರ ಕಣ್ಣಿಗೆ ಬೀಳಲಿಲ್ಲ. ಹೊಗೆಸೊಪ್ಪಿನ ಹುಡಿ ಉಸಿರಾಟಕ್ಕೆ ಕೇಡೆಂಬುದನ್ನು ಬಲ್ಲ ನಾವು, ಆ ಗೆರಸೆಯ ಪಕ್ಕದಲ್ಲಿಯೇ ತೊಟ್ಟಿಲು ತೂಗುತ್ತಿತ್ತೆಂಬುದನ್ನೂ ಮರೆಯಲಾಗದು.

ಇಂದು ಕೆಲಸಗಳು ಬದಲಾಗಿವೆ, ತೊಡಕು ಬದಲಾಗಿಲ್ಲ. ಕಾಪುವಿನ ಬಳಿಯ ಶಂಕರಪುರದಲ್ಲಿ ಮಲ್ಲಿಗೆ ಬೆಳೆಯುವ ಮನೆಗಳನ್ನು ನೋಡಿ. ಮೊಗ್ಗು ಬಿರಿಯುವ ಮುನ್ನ ಕೊಯ್ದು, ಕಟ್ಟಿ, ಕಟ್ಟೆಗೆ ತಲುಪಿಸಬೇಕು; ತಡವಾದರೆ ಹೂವೂ ಇಲ್ಲ, ಬೆಲೆಯೂ ಇಲ್ಲ. ಮಗುವಿಗೆ ತಲೆ ಬಾಚಿ ಬುತ್ತಿ ಕಟ್ಟುವ ಹೊತ್ತೂ ಅದೇ. ಬೀಡಿ ಸುತ್ತುವ ತಾಯಿಗೆ ಇಳಿಹೊತ್ತು ಇಕ್ಕಟ್ಟಿನದು. ಪರದೇಶದ ಗಡಿಯಾರಕ್ಕೆ ಹೊಂದಿಕೊಂಡು ಮಣಿಪಾಲದಲ್ಲಿ ದುಡಿಯುವ ತಂದೆಗೆ ಮಕ್ಕಳು ಓದಲು ಕೂರುವ ರಾತ್ರಿಯೇ ಕಚೇರಿಯ ಹೊತ್ತು. ಮೂವರಿಗೂ ಒಂದೇ ವೇಳಾಪಟ್ಟಿಯನ್ನು ಉಪದೇಶಿಸುವುದು ವ್ಯರ್ಥ.

ಹಾಗಾದರೆ ಮಾಡಬೇಕಾದುದೇನು? ಮನೆಯವರಿಗೆ ನನ್ನ ಬಿನ್ನಹ ಮೂರು. ಚಿಕ್ಕದಾದರೂ ಸರಿ, ದುಡಿಮೆಗೊಂದು ಮೂಲೆ ಬೇರೆಯಿರಲಿ. ಕೆಲಸ ಆರಂಭಿಸುವ ಹೊತ್ತಿಗಿಂತ ನಿಲ್ಲಿಸುವ ಹೊತ್ತು ಖಚಿತವಾಗಿರಲಿ. ನೀರು, ಒಲೆ, ಕಸಬರಿಕೆಗಳ ಪಾಲು ಗಂಡಸರಿಗೂ ಗಂಡುಮಕ್ಕಳಿಗೂ ಹಂಚಿಕೆಯಾಗಲಿ. ಈ ಮೂರನೆಯದು ನಡೆಯದಿದ್ದರೆ ಮೊದಲಿನೆರಡು ನಡೆಯಲಾರವು. ತಾಯಿ ಒಬ್ಬಳೇ ಕಾಯುವ ಅಚ್ಚುಕಟ್ಟು ಅಚ್ಚುಕಟ್ಟಲ್ಲ. ಅದು ಬಳಲಿಕೆಗೆ ನಾವಿಟ್ಟ ಒಳ್ಳೆಯ ಹೆಸರು.

ಅಧ್ಯಾಪಕ ಮಿತ್ರರು ವರ್ಷಾರಂಭದಲ್ಲಿ ಪ್ರತಿ ಮಗುವನ್ನೂ ಎರಡು ಪ್ರಶ್ನೆ ಕೇಳಬೇಕು: ನಿನ್ನ ಮನೆಯಲ್ಲಿ ಯಾವ ಕೆಲಸ ನಡೆಯುತ್ತದೆ? ನೀನು ಓದುವುದು ಯಾವ ಹೊತ್ತಿನಲ್ಲಿ, ಎಲ್ಲಿ ಕುಳಿತು? ಉತ್ತರ ತಿಳಿದ ಮೇಲೆ ಮನೆಪಾಠದ ಹೊರೆ ತಾನಾಗಿ ಇಳಿಯುತ್ತದೆ. ಪೋಷಕರ ಸಭೆಯನ್ನೂ ಅವರ ಹೊತ್ತು ನೋಡಿ ಕರೆಯೋಣ. ಬಾರದ ತಾಯಿಯನ್ನು ಅನಾಸಕ್ತಳೆಂದು ಬಗೆಯುವುದು ಬೇಡ.

ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ಕೋರಿಕೆ. ಶಾಲೆಗೆ ಮಹಾದ್ವಾರ, ಸಭಾಮಂಟಪಗಳು ಶೋಭೆ ತರುವುದು ನಿಜ. ಆದರೆ ಸಂಜೆಯ ಎರಡು ಗಂಟೆ ತೆರೆದಿರುವ ಒಂದು ಓದುಕೋಣೆ, ಒಳ್ಳೆಯ ಬೆಳಕು, ನೋಡಿಕೊಳ್ಳಲು ಒಬ್ಬ ಉಪಾಧ್ಯಾಯರು, ಕತ್ತಲಾದ ಮೇಲೆ ಹೆಣ್ಣುಮಕ್ಕಳನ್ನು ಮನೆ ಮುಟ್ಟಿಸುವ ವ್ಯವಸ್ಥೆ, ಇವಿಷ್ಟಕ್ಕೆ ತಗಲುವ ವೆಚ್ಚ ಅಲ್ಪ. ದುಡಿಮೆಯನ್ನು ಕಾಯಕವೆಂದು ಗೌರವಿಸುವ ಸಂಸ್ಥೆಗೆ, ದುಡಿಯುವವರ ಮಗುವಿಗೆ ಓದಲೊಂದು ಜಾಗ ಮಾಡಿಕೊಡುವುದಕ್ಕಿಂತ ಉಚಿತವಾದ ಸೇವೆ ಯಾವುದು?

ನನ್ನ ಅಕ್ಕನ ಕೈಬರಹ ನನ್ನದಕ್ಕಿಂತ ಚೆನ್ನಾಗಿತ್ತು. ಇಂದು ಆಕೆ ಬರೆಯುವುದು ದಿನಸಿಯ ಪಟ್ಟಿಯನ್ನು ಮಾತ್ರ. ನಮ್ಮ ಶಾಲೆಯ ಯಾವ ಹುಡುಗಿಗೂ ಹಾಗಾಗದಿರಲಿ.