ಲೋಪ ಹೇಳುವುದು ಗೀಬತ್ ಅಲ್ಲ

ಪಾರ್ಶ್ವವಾಯು ಬಡಿದು ಮಲಗಿದ ಹಿರಿಯರಿಗೆ ಹಗಲಿಗೊಬ್ಬರು, ರಾತ್ರಿಗೊಬ್ಬರು ಹೋಮ್ ನರ್ಸ್ ಇಟ್ಟುಕೊಳ್ಳುವ ಮನೆಗಳು ಈಗ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯೂ ಇವೆ. ಈ ಕೆಲಸಕ್ಕೆ ಹೋಗುವ ನಮ್ಮ ಹೆಣ್ಣುಮಕ್ಕಳನ್ನು ಕಾಡುವ ಪ್ರಶ್ನೆಯೊಂದಿದೆ: "ಜೊತೆಯವಳು ಸರಿಯಾಗಿ ನೋಡಿಕೊಳ್ಳುವುದಿಲ್ಲ. ಹೇಳಿದರೆ ಅವಳ ರೋಜಿ ಹೋಗುತ್ತದೆ, ನನಗೆ ಗೀಬತ್‌ನ ಗುನಾಹ್ ಬರುತ್ತದೆ. ಸುಮ್ಮನಿರಲೇ?" ಸುಮ್ಮನಿರಬಾರದು ಎಂಬುದು ನನ್ನ ಅಭಿಪ್ರಾಯ.

ಸುಮ್ಮನಿದ್ದರೆ ಏನಾಗುತ್ತದೆ ನೋಡಿ. ಎದ್ದು ಕೂರಲಾಗದ ರೋಗಿಯನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಇಲ್ಲವಾದರೆ ಸೊಂಟದ ಹಿಂಭಾಗ, ಹಿಮ್ಮಡಿಗಳಲ್ಲಿ ರಕ್ತ ಸಂಚಾರ ನಿಂತು ಚರ್ಮ ಕೆಂಪಾಗುತ್ತದೆ. ಬೆರಳಿನಿಂದ ಒತ್ತಿದರೂ ಆ ಕೆಂಪು ಮಾಯದಿದ್ದರೆ ಹಾಸಿಗೆ ಹುಣ್ಣು ಶುರುವಾಗಿದೆ ಎಂದರ್ಥ. ಕಪ್ಪು ಮೈಬಣ್ಣದವರಲ್ಲಿ ಆ ಜಾಗ ಬಿಸಿಯಾಗಿ, ಗಟ್ಟಿಯಾಗಿರಬಹುದು. ಅಂದೇ ಎಚ್ಚೆತ್ತರೆ ಮಾಯುತ್ತದೆ; ಮಾಂಸಕ್ಕೆ ಇಳಿದರೆ ತಿಂಗಳುಗಟ್ಟಲೆ ನರಳಬೇಕು. ಅಲ್ಲಿ ಎಣ್ಣೆ ಹಚ್ಚಿ ತಿಕ್ಕಿದರೆ ಒಳಗಿನ ಮಾಂಸಕ್ಕೆ ಇನ್ನಷ್ಟು ಪೆಟ್ಟು. ಮಗ್ಗುಲು ಬದಲಿಸುವುದಕ್ಕೆ ಬದಲಿಯಾದ ಔಷಧ ಯುನಾನಿಯಲ್ಲೂ ಇಲ್ಲ, ಅಲೋಪತಿಯಲ್ಲೂ ಇಲ್ಲ.

ಇನ್ಸುಲಿನ್ ವಿಷಯ ಇನ್ನೂ ಸೂಕ್ಷ್ಮ. ನಮ್ಮಲ್ಲಿ 40 ಮತ್ತು 100 ಯೂನಿಟ್ ಎಂಬ ಎರಡು ಪ್ರಮಾಣದ ಇನ್ಸುಲಿನ್ ಸಿಗುತ್ತದೆ. ಸಿರಿಂಜ್‌ಗಳೂ ಬೇರೆ ಬೇರೆ. 100ರ ಇನ್ಸುಲಿನ್ನನ್ನು 40ರ ಸಿರಿಂಜ್‌ನಲ್ಲಿ ಎಳೆದರೆ ಎರಡೂವರೆ ಪಟ್ಟು ಹೆಚ್ಚು ಹೋಗುತ್ತದೆ. ಸಕ್ಕರೆ ಕುಸಿದು ಪ್ರಾಣಕ್ಕೇ ಅಪಾಯ. ಕೊಡದ ಔಷಧವನ್ನು ಕೊಟ್ಟೆನೆಂದು ಬರೆಯುವುದೂ ಇಂಥದ್ದೇ ಅಪಾಯ.

ಇನ್ನು ಗೀಬತ್‌ನ ಮಾತು. ಇಮಾಮ್ ನವವಿಯವರು ರಿಯಾಝುಸ್ಸಾಲಿಹೀನ್‌ನಲ್ಲಿ ಇನ್ನೊಬ್ಬರ ತಪ್ಪು ಹೇಳಲು ಅನುಮತಿಯಿರುವ ಆರು ಸಂದರ್ಭಗಳನ್ನು ಎಣಿಸಿದ್ದಾರೆ. ತಪ್ಪನ್ನು ತಡೆಯಲು ನೆರವು ಕೇಳುವುದು, ಕೆಡುಕಿನಿಂದ ಎಚ್ಚರಿಸುವುದು ಅವುಗಳಲ್ಲಿವೆ. ಸರಿಪಡಿಸಬಲ್ಲವರಿಗೆ, ಕಂಡಷ್ಟನ್ನೇ ಹೇಳಿ. ಅದನ್ನೇ ಶಾದಿಮನೆಯಲ್ಲಿ ಹರಟಿದರೆ ಅದು ಗೀಬತ್. ರೋಗಿ ನಿಮ್ಮ ಕೈಯಲ್ಲಿರುವ ಅಮಾನತ್. ಜೊತೆಯವಳ ಮುಲಾಜು ಅದಕ್ಕಿಂತ ದೊಡ್ಡದಲ್ಲ.

ಹೇಳುವುದಕ್ಕೂ ಕ್ರಮವಿದೆ. ಮೊದಲು ರೋಗಿಯನ್ನು ನೋಡಿ, ತೊಂದರೆ ಇದ್ದರೆ ವೈದ್ಯರನ್ನು ಕರೆಸಿ. ಸಣ್ಣ ಲೋಪವಾದರೆ ಜೊತೆಯವಳನ್ನೇ ಏಕಾಂತದಲ್ಲಿ ಕೇಳಿ. ಅವಳಿಗೆ ಗೊತ್ತಿಲ್ಲದಿರಬಹುದು, ಎರಡು ದಿನ ನಿದ್ದೆಯಿಲ್ಲದಿರಬಹುದು. ರೋಗಿಗೆ ಹಾನಿಯಾಗಿದ್ದರೆ, ಸುಳ್ಳು ಬರೆದಿದ್ದರೆ, ತಪ್ಪು ಮರುಕಳಿಸಿದರೆ ಅಂದೇ ಮನೆಯವರಿಗೂ ಏಜೆನ್ಸಿಗೂ ತಿಳಿಸಿ. ಕಂಡದ್ದನ್ನು ವೇಳೆ ಸಮೇತ ಬರೆದಿಡಿ. ಅವಳು ಬರೆದದ್ದನ್ನು ತಿದ್ದಬೇಡಿ. ಹಿರಿಯರನ್ನು ಹೊಡೆದದ್ದು ಕಂಡರೆ 112ಕ್ಕೆ ಕರೆ ಮಾಡಿ. ಹಿರಿಯರ ಸಹಾಯವಾಣಿ 14567.

ಮನೆಯವರಿಗೂ ಒಂದು ಮಾತು. ಒಬ್ಬಳನ್ನೇ ಇಪ್ಪತ್ತನಾಲ್ಕು ಗಂಟೆ ದುಡಿಸಿ, ಅಡುಗೆ-ಕಸವನ್ನೂ ಮಾಡಿಸಿ, ನಂತರ ನಿರ್ಲಕ್ಷ್ಯ ಎಂದು ಕೂಗಾಡುವುದು ನ್ಯಾಯವಲ್ಲ. ನರ್ಸ್ ಎಂದು ಬಂದವರಿಗೆ ನರ್ಸಿಂಗ್ ಕೌನ್ಸಿಲ್ ನೋಂದಣಿ ಇದೆಯೇ ಕೇಳಿ. ಬರೀ ಆರೈಕೆಗೆ ಬಂದವರಿಂದ ಇಂಜೆಕ್ಷನ್ ಕೊಡಿಸಬೇಡಿ. ಮಂಚದ ಪಕ್ಕ ಒಂದು ನೋಟ್‌ಬುಕ್ ಇಡಿ. ದಿನಕ್ಕೊಮ್ಮೆ ಅಬ್ಬಾ-ಅಮ್ಮಿಯ ಬೆನ್ನು, ಹಿಮ್ಮಡಿಗಳನ್ನು ನೀವೇ ನೋಡಿ. ಸಂಬಳ ಕೊಟ್ಟ ಮಾತ್ರಕ್ಕೆ ತಂದೆತಾಯಿಯ ಹಕ್ ತೀರುವುದಿಲ್ಲ.